ಸಂಚಿಕೆ ಅವಳದೇ ಇರಲಿ, ಹೊರೆ ಹಂಚಿಹೋಗಲಿ

ಪ್ರಶ್ನೆ: ನನ್ನ ಮಗಳು ಅನುದಾನಿತ ಪ್ರೌಢಶಾಲೆಯಲ್ಲಿ ಒಂಬತ್ತನೇ ತರಗತಿ ಓದುತ್ತಿದ್ದಾಳೆ. ಈ ವರ್ಷ ಶಾಲೆಯ ವಾರ್ಷಿಕ ಸಂಚಿಕೆಗೆ ಅವಳನ್ನು ವಿದ್ಯಾರ್ಥಿ ಸಂಪಾದಕಿ ಮಾಡಿದ್ದಾರೆ. ಅಂದಿನಿಂದ ಮನೆಯಲ್ಲಿ ಅದೇ ಜಪ. ಲೇಖನ ಕೊಡದವರ ಬೆನ್ನು ಹತ್ತುವುದು, ನನ್ನ ಮೊಬೈಲಿನಲ್ಲಿ ಟೈಪ್ ಮಾಡುವುದು, ಫೋಟೊ ಆರಿಸುವುದು ಎಲ್ಲ ಅವಳೇ. ರಾತ್ರಿ ಹನ್ನೊಂದಾದರೂ ಮಲಗುವುದಿಲ್ಲ. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಗಣಿತದ ಅಂಕ ಇಳಿದಿದೆ. ಮುಂದಿನ ವರ್ಷ ಎಸ್ಸೆಸ್ಸೆಲ್ಸಿ. ಮೇಷ್ಟ್ರಿಗೆ ಹೇಳಿ ಬಿಡಿಸಿಬಿಡು ಅನ್ನುತ್ತಾರೆ ನಮ್ಮ ಯಜಮಾನರು. ಪರಿಚಯದ ಡಿಟಿಪಿ ಅಂಗಡಿಯಲ್ಲಿ ದುಡ್ಡು ಕೊಟ್ಟು ಪೂರ್ತಿ ಮಾಡಿಸಿಬಿಡೋಣ ಅಂದೆ. ಅದಕ್ಕೆ ಅತ್ತು ನನ್ನ ಜೊತೆ ಮಾತು ಬಿಟ್ಟಳು. ಏನು ಮಾಡಲಿ?
– ಒಬ್ಬ ತಾಯಿ, ಹಾಸನ ಜಿಲ್ಲೆ

ಉತ್ತರ: ‘ಎಲ್ಲ ಅವಳೇ’ ಎಂದು ಬರೆದಿದ್ದೀರಲ್ಲ, ಕಷ್ಟದ ಬೇರು ಅಲ್ಲಿದೆ. ಬರಹ ಸಂಗ್ರಹಿಸುವುದು, ಅಕ್ಷರ ಜೋಡಿಸುವುದು, ಫೋಟೊ, ಪುಟವಿನ್ಯಾಸ, ಕರಡು ತಿದ್ದುವುದು – ಇವು ಐದು ಜನರ ಕೆಲಸ. ನಿಮ್ಮ ಮಗಳು ಐದನ್ನೂ ಒಬ್ಬಳೇ ಹೊತ್ತಿದ್ದಾಳೆ. ರಾತ್ರಿ ಹನ್ನೊಂದಾಗುವುದೂ ಗಣಿತ ಹಿಂದೆ ಬೀಳುವುದೂ ಇದರಿಂದಲೇ ಇರಬೇಕು. ಅವಳನ್ನು ಬಿಡಿಸುವ ಮೊದಲು ಹೊರೆ ಇಳಿಸಿ ನೋಡಿ.

ಅವಳು ಅತ್ತಿದ್ದೇಕೆ ಎಂದು ನನಗೆ ಅರ್ಥವಾಗುತ್ತದೆ. ನೀವು ಸಹಾಯವೆಂದು ಆಡಿದ ಮಾತು ಅವಳ ಕಿವಿಗೆ ಕಸಿದುಕೊಂಡ ಹಾಗೆ ಕೇಳಿಸಿದೆ. ಎಷ್ಟೋ ಶಾಲೆಗಳಲ್ಲಿ ವಾರ್ಷಿಕ ಸಂಚಿಕೆ ಹಾಗೇ ಆಗುತ್ತದೆ: ಶಿಕ್ಷಕರು ಬರಹ ಒಟ್ಟುಮಾಡುತ್ತಾರೆ, ಅಂಗಡಿಯವರು ಪುಟ ಕಟ್ಟುತ್ತಾರೆ, ಮಕ್ಕಳ ಕೈಗೆ ಸಿಗುವುದು ಅಚ್ಚಾದ ಪುಸ್ತಕ ಮಾತ್ರ. ಒಳಗೆ ಅಂತರ್ಜಾಲದಿಂದ ಇಳಿಸಿಕೊಂಡ ನಗೆಹನಿ, ಗಾದೆ, ‘ನಿಮಗಿದು ಗೊತ್ತೆ’. ಅಂಥ ಸಂಚಿಕೆಯಿಂದ ಮಕ್ಕಳು ಕಲಿಯುವುದು ಏನೂ ಇಲ್ಲ.

ತಾವೇ ಮಾಡಿದಾಗ ಏನು ಕಲಿಯುತ್ತಾರೆ ಎಂಬುದಕ್ಕೆ ತರಗತಿಯ ಗುಂಪು ಫೋಟೊ ಒಂದನ್ನೇ ತೆಗೆದುಕೊಳ್ಳಿ. ಕೆಳಗೆ ‘ಎಡದಿಂದ ಬಲಕ್ಕೆ’ ಎಂದು ಹೆಸರು ಹಾಕಬೇಕು. ಹಾಜರಿ ಪುಸ್ತಕದಲ್ಲಿ ಕೆ.ಎಸ್. ಎಂದಿರುವ ಇನಿಷಿಯಲ್ ಹುಡುಗ ಬರೆಯುವಾಗ ಎಸ್.ಕೆ. ಆಗಿರುತ್ತದೆ. ಒಬ್ಬಳು ಅಂದು ರಜೆ. ಎರಡನೇ ಸಾಲಿನಲ್ಲಿ ಇಬ್ಬರು ಕೊನೆ ಗಳಿಗೆಯಲ್ಲಿ ಜಾಗ ಬದಲಿಸಿದ್ದಾರೆ. ಒಂದು ಹೆಸರು ಆಚೀಚೆಯಾದರೆ ಆ ಸಾಲಿನ ಅಷ್ಟೂ ಮಕ್ಕಳ ಹೆಸರು ತಪ್ಪುತ್ತದೆ, ಅವರ ಮನೆಯಲ್ಲಿ ಆ ಪುಟವನ್ನು ಎಷ್ಟೋ ವರ್ಷ ತೆರೆದು ನೋಡುತ್ತಾರೆ. ಆದ್ದರಿಂದ ಕರಡನ್ನು ತರಗತಿಗೆ ಒಯ್ದು, ಪ್ರತಿಯೊಬ್ಬರಿಗೂ ಅವರ ಹೆಸರು ತೋರಿಸಿ, ಪಕ್ಕದಲ್ಲಿ ಸಹಿ ಹಾಕಿಸಿಕೊಳ್ಳಬೇಕು. ಕೇಳಿ ಖಚಿತಪಡಿಸಿಕೊಳ್ಳದೆ ಅಚ್ಚಿಗೆ ಕೊಡಬಾರದು ಎನ್ನುವುದು ಪತ್ರಿಕಾ ವೃತ್ತಿಯ ಮೊದಲ ಪಾಠ, ಹದಿನಾಲ್ಕರ ಹುಡುಗಿ ಅದನ್ನು ತನ್ನ ಗೆಳತಿಯರ ಹೆಸರಿನಲ್ಲೇ ಕಲಿಯುತ್ತಾಳೆ.

ವರದಿಯೂ ಹಾಗೆಯೇ. ‘ಕ್ರೀಡಾಕೂಟವು ವಿಜೃಂಭಣೆಯಿಂದ ಜರುಗಿತು’ ಎಂದು ಬರೆದು ಕೈ ತೊಳೆದುಕೊಳ್ಳುವುದು ಸುಲಭ. ಖೊಖೊ ಅಂತಿಮ ಪಂದ್ಯದಲ್ಲಿ ಕೊನೆಗೆ ಔಟಾದವಳು ಯಾರು, ಬರಿಗಾಲಲ್ಲಿ ಓಡಿ ಗೆದ್ದವನು ಯಾರು ಎಂದು ಕೇಳಿ ಬರೆಯುವುದೇ ವರದಿಗಾರಿಕೆ. ಬಿಸಿಯೂಟದ ಅಡುಗೆಯವರು ಬೆಳಿಗ್ಗೆ ಎಷ್ಟು ಹೊತ್ತಿಗೆ ಒಲೆ ಹಚ್ಚುತ್ತಾರೆ, ಎಷ್ಟು ಸೇರು ಅಕ್ಕಿ ತೊಳೆಯುತ್ತಾರೆ ಎಂದು ಅವರನ್ನೇ ಕೇಳಿ ಒಂದು ಸಂದರ್ಶನ ಮಾಡಲು ಮಗಳಿಗೆ ಹೇಳಿ ನೋಡಿ. ಇಡೀ ಸಂಚಿಕೆಯಲ್ಲಿ ಜನ ಮೊದಲು ಓದುವುದು ಅದೇ ಪುಟವನ್ನು.

ಇನ್ನು ಯಜಮಾನರ ಗಣಿತದ ಮಾತು. ಅವರ ಆತಂಕ ಸುಳ್ಳಲ್ಲ, ಹಾಗೆಂದು ಸಂಚಿಕೆಯಲ್ಲಿ ಲೆಕ್ಕ ಇಲ್ಲ ಎಂದಲ್ಲ. ಮಧ್ಯೆ ಪಿನ್ ಹೊಡೆಯುವ ಪುಸ್ತಕದ ಪುಟ ನಾಲ್ಕರ ಗುಣಕದಲ್ಲೇ ಇರಬೇಕು. ಬರಹ 46 ಪುಟಕ್ಕೆ ಬಂದರೆ ಎರಡು ಪುಟ ಹೆಚ್ಚು ಬರೆಸಿ 48 ಮಾಡಬೇಕು, ಇಲ್ಲವೇ ಎರಡು ಕತ್ತರಿಸಿ 44ಕ್ಕೆ ತರಬೇಕು. ಕತ್ತರಿಸುವುದಾದರೆ ಯಾರದ್ದು? ಅಲ್ಲಿ ಲೆಕ್ಕ ಮುಗಿದು ಸಂಪಾದಕಿಯ ವಿವೇಚನೆ ಶುರುವಾಗುತ್ತದೆ. ಅಚ್ಚಿನಲ್ಲಿ ಫೋಟೊ ಸ್ಪಷ್ಟವಾಗಿ ಮೂಡಲು ಇಂಚಿಗೆ ಸುಮಾರು 300 ಪಿಕ್ಸೆಲ್ ಬೇಕು, ಅಂದರೆ ಆರಿಂಚು ಅಗಲದ ಚಿತ್ರಕ್ಕೆ 1800. ವಾಟ್ಸ್‌ಆ್ಯಪ್‌ನಲ್ಲಿ ಸುಮ್ಮನೆ ಕಳಿಸಿದ ಫೋಟೊ ಕುಗ್ಗಿಹೋಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿದರೆ ಮೂಲ ಗಾತ್ರದಲ್ಲೇ ಬರುತ್ತದೆ. ಈ ಮಾತನ್ನು ಇಂದೇ ಅವಳಿಗೆ ಹೇಳಿ, ಅರ್ಧ ತೊಂದರೆ ತಪ್ಪುತ್ತದೆ.

ಡಿಟಿಪಿ ಅಂಗಡಿಯವರ ಪರಿಚಯ ಇದೆ ಎಂದಿರಿ. ಅದು ದೊಡ್ಡ ಅನುಕೂಲ. ಕೆಲಸವನ್ನು ಅವರಿಗೆ ಒಪ್ಪಿಸುವ ಬದಲು ಮಗಳನ್ನು ಒಂದು ಭಾನುವಾರ ಅವರ ಪಕ್ಕದಲ್ಲಿ ಕೂರಿಸಿ. ಮೊಬೈಲಿನಲ್ಲಿ ಅವಳು ಟೈಪ್ ಮಾಡಿದ್ದು ಯೂನಿಕೋಡ್‌ನಲ್ಲಿರುತ್ತದೆ. ಅಂಗಡಿಗಳಲ್ಲಿ ಇಂದಿಗೂ ನುಡಿ, ಶ್ರೀಲಿಪಿಯಂಥ ಹಳೆಯ ಅಕ್ಷರಗಳಲ್ಲೇ ಪುಟ ಕಟ್ಟುವವರು ಬಹಳ ಇದ್ದಾರೆ. ಒಂದರಿಂದ ಇನ್ನೊಂದಕ್ಕೆ ಬದಲಿಸಿದಾಗ ಅರ್ಕಾವೊತ್ತು ಜಾಗ ತಪ್ಪುವುದುಂಟು, ಒತ್ತಕ್ಷರ ಕೆಡುವುದುಂಟು. ಹಾಗಾಗಿ ಟೈಪ್ ಮಾಡುವಾಗ ಒಮ್ಮೆ ತಿದ್ದಿದ್ದರೂ ಪುಟ ಕಟ್ಟಿದ ಮೇಲೆ ಕಾಗದದ ಮೇಲೆ ಮತ್ತೊಮ್ಮೆ ಓದಲೇಬೇಕು. ಕನ್ನಡದಲ್ಲಿ ಒತ್ತು ಕೆಳಗಿಳಿಯುವುದರಿಂದ ಸಾಲಿನ ನಡುವೆ ಇಂಗ್ಲಿಷಿಗಿಂತ ತುಸು ಹೆಚ್ಚು ಜಾಗ ಬಿಡಬೇಕು. ಇಂಥದ್ದನ್ನು ಕಂಪ್ಯೂಟರ್ ಮುಂದೆ ಕೂತವರಿಂದ ಕಣ್ಣಾರೆ ಕಂಡೇ ಕಲಿಯಬೇಕು. ಮನೆಯಲ್ಲೋ ಶಾಲೆಯಲ್ಲೋ ಕಂಪ್ಯೂಟರ್ ಇದ್ದರೆ ಸ್ಕ್ರೈಬಸ್ ಎಂಬ ಪುಟವಿನ್ಯಾಸದ ತಂತ್ರಾಂಶ ಉಚಿತವಾಗಿ ಸಿಗುತ್ತದೆ, ಬಿಡುವಾದಾಗ ಅದರಲ್ಲಿ ಕೈಯಾಡಿಸಲಿ.

ಈಗ ಶಾಲೆಯ ಕಡೆ. ನೀವೇ ಹೋಗಿ ಕನ್ನಡ ಮೇಷ್ಟ್ರನ್ನು ಕಾಣಿ. ಬಿಡಿಸಿ ಎಂದು ಕೇಳಬೇಡಿ, ಇನ್ನು ನಾಲ್ವರನ್ನು ಕೊಡಿ ಎಂದು ಕೇಳಿ. ಚೆನ್ನಾಗಿ ಚಿತ್ರ ಬಿಡಿಸುವವನು, ಲೆಕ್ಕದಲ್ಲಿ ಚುರುಕಾದವಳು, ಮಾತುಗಾರ, ತಾಳ್ಮೆಯಿಂದ ಕೂತು ಓದುವವಳು – ಇಂಥವರು ಎಲ್ಲ ತರಗತಿಯಲ್ಲೂ ಇರುತ್ತಾರೆ. ಬರಹ ಕೊಡಲು ಕೊನೆಯ ದಿನ ಯಾವುದೆಂದು ಮೇಷ್ಟ್ರ ಸಹಿಯೊಡನೆ ಸೂಚನಾ ಫಲಕದಲ್ಲಿ ಹಾಕಿಸಿದರೆ ಮಗಳು ಯಾರ ಬೆನ್ನೂ ಹತ್ತಬೇಕಿಲ್ಲ. ಕೊಡದವರ ಬರಹ ಬರುವುದಿಲ್ಲ, ಅಷ್ಟೇ. ಕೆಲಸ ಹಂಚಿಕೊಳ್ಳುವುದು ಅವಳಿಗೆ ಕಷ್ಟವಾಗಬಹುದು. ತಾನು ಮಾಡಿದರೇ ಚೆಂದ ಎಂಬ ಹಟ ಇಂಥ ಮಕ್ಕಳಲ್ಲಿ ಸಾಮಾನ್ಯ. ಬೇರೆಯವರ ಪುಟ ತನ್ನದಕ್ಕಿಂತ ಸ್ವಲ್ಪ ಸೊಟ್ಟಗಿದ್ದರೂ ಒಪ್ಪಿಕೊಳ್ಳುವುದನ್ನು ಅವಳು ಈ ವರ್ಷ ಕಲಿತರೆ ನನಗೆ ಬಹಳ ಸಂತೋಷ. ಜೊತೆಗೆ ಒಂದು ಎಚ್ಚರಿಕೆ: ಮಕ್ಕಳ ಫೋಟೊ ಅಚ್ಚು ಹಾಕಲು ಪೋಷಕರ ಒಪ್ಪಿಗೆಪತ್ರ ಇರಲಿ. ಫೋನ್ ನಂಬರು, ಮನೆ ವಿಳಾಸ ಎಲ್ಲೂ ಬರುವುದು ಬೇಡ.

ಇದರಿಂದ ಮುಂದೆ ಏನು ಪ್ರಯೋಜನ ಎಂದು ಯಜಮಾನರು ಕೇಳಬಹುದು. ಎ.ಆರ್. ಕೃಷ್ಣಶಾಸ್ತ್ರಿಗಳು ಕಟ್ಟಿದ ‘ಪ್ರಬುದ್ಧ ಕರ್ಣಾಟಕ’ 1919ರಲ್ಲಿ ಹುಟ್ಟಿದ್ದು ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘದಲ್ಲಿ. ಕಾಲೇಜಿನ ಅಂಗಳದಲ್ಲಿ ಹುಟ್ಟಿದ ಪತ್ರಿಕೆ ಕನ್ನಡದ ವಿದ್ವತ್ತಿಗೇ ವೇದಿಕೆಯಾಯಿತು. ಇಂದಿನ ಮಾತು ಬೇಕಿದ್ದರೆ, ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ ಪದವಿ ಪ್ರವೇಶ ಪರೀಕ್ಷೆಯನ್ನು ಪಿಯುಸಿಯಲ್ಲಿ ಯಾವ ವಿಭಾಗ ಓದಿದವರೂ ಬರೆಯಬಹುದು. ಪದವಿಯಲ್ಲಿ ಪತ್ರಿಕೋದ್ಯಮವನ್ನೂ ಓದಬಹುದು. ಆದರೆ ಅವಳ ಮುಂದಿನ ದಾರಿಯನ್ನು ಈಗಲೇ ನಿಶ್ಚಯಿಸುವ ಅಗತ್ಯವಿಲ್ಲ. ಅವಳು ಎಂಜಿನಿಯರಾದರೂ ಡಾಕ್ಟರಾದರೂ ಇನ್ನೊಬ್ಬರ ಮಾತನ್ನು ಕೇಳಿ, ಸರಿನೋಡಿ, ಸ್ಪಷ್ಟವಾಗಿ ಬರೆಯುವ ಅಭ್ಯಾಸ ಅವಳ ಜೊತೆಗಿರುತ್ತದೆ.

ಮನೆಯಲ್ಲಿ ಒಂದು ಒಪ್ಪಂದವಾಗಲಿ. ಸಂಚಿಕೆಯ ಕೆಲಸಕ್ಕೆ ಮೊಬೈಲು ಸಂಜೆ ಒಂದು ಗಂಟೆ, ಶನಿವಾರ ಮಧ್ಯಾಹ್ನ ಸ್ವಲ್ಪ ಜಾಸ್ತಿ, ಹತ್ತಕ್ಕೆ ನಿದ್ದೆ. ಅಂಕ ಇಳಿದದ್ದಕ್ಕೆ ಬೈಯುವ ಬದಲು ಉತ್ತರಪತ್ರಿಕೆ ತರಿಸಿ ಎಲ್ಲಿ ಹೋಗಿದೆ ನೋಡಿ. ಒಂದೆರಡು ಅಧ್ಯಾಯದಲ್ಲೇ ಹೋಗಿದ್ದರೆ ಗಣಿತದ ಮೇಷ್ಟ್ರು ಹೇಳಿಕೊಟ್ಟಾರು. ಪುಟಗಳು ಪ್ರೆಸ್ಸಿಗೆ ಹೋದ ಮೇಲೆ ಪುಸ್ತಕ ಕೈಗೆ ಬರುವವರೆಗೆ ಅವಳಿಗೆ ಹೇಗೂ ಬಿಡುವು, ಆ ದಿನಗಳನ್ನು ಪೂರ್ತಿ ಗಣಿತಕ್ಕೆ ಇಡಲಿ. ಅಷ್ಟಾಗಿಯೂ ನಿದ್ದೆ ಕೆಡುತ್ತಿದ್ದರೆ, ಊಟ ಬಿಡುತ್ತಿದ್ದರೆ, ನನಗೆ ಮತ್ತೆ ಬರೆಯಿರಿ.