ಗಂಟು ಬಿಚ್ಚದೆ ಕಂಡ ಲಂಡನ್

ಲಂಡನ್ನಿನಲ್ಲಿ ಕಾಸಿಲ್ಲದೆ ನೋಡುವಂಥದ್ದು ಎಷ್ಟಿದೆಯೆಂದರೆ, ಕಾಸು ಕೊಟ್ಟು ನೋಡುವುದಕ್ಕೆ ನನಗೆ ಪುರುಸೊತ್ತೇ ಆಗಲಿಲ್ಲ. ಮಗಳು, ಅಳಿಯ ಬೆಳಗ್ಗೆ ಕೆಲಸಕ್ಕೆ ಹೊರಟರೆ ಸಂಜೆಯವರೆಗೆ ನಾನೊಬ್ಬಳೇ. “ಅಮ್ಮ, ಟಿಕೆಟ್ ಬುಕ್ ಮಾಡಿಕೊಡ್ತೀನಿ, ದುಡ್ಡಿನ ಯೋಚನೆ ಬಿಡು” ಎಂದು ಅವಳು ಹೇಳುತ್ತಲೇ ಇದ್ದಳು. ಪಿಂಚಣಿಯಲ್ಲಿ ಬದುಕುವವಳಿಗೆ ಒಂದೊಂದು ಪೌಂಡೂ ನೂರು ಚಿಲ್ಲರೆ ರೂಪಾಯಿಯಾಗಿಯೇ ಕಾಣುತ್ತದೆ. ಮಗಳ ದುಡ್ಡೆಂದು ಅದು ಹಗುರವಾಗುವುದಿಲ್ಲ. ಚಪಾತಿ ಬುತ್ತಿ, ನೀರಿನ ಬಾಟಲಿ, ಮಡಚುವ ಕೊಡೆ ಚೀಲಕ್ಕೆ ಹಾಕಿಕೊಂಡು, ಬಸ್ಸಿನ ಖರ್ಚೊಂದನ್ನು ಬಿಟ್ಟು ಬೇರೇನೂ ಬೇಡವೆಂದು ತೀರ್ಮಾನಿಸಿ ಹೊರಟೆ.

ಅಲ್ಲಿನ ದೊಡ್ಡ ರಾಷ್ಟ್ರೀಯ ಮ್ಯೂಸಿಯಂಗಳ ಕಾಯಂ ಸಂಗ್ರಹ ನೋಡಲು ಟಿಕೆಟ್ ಇಲ್ಲ. ಬ್ರಿಟಿಷ್ ಮ್ಯೂಸಿಯಂ 1759ರಲ್ಲಿ ಬಾಗಿಲು ತೆರೆದಾಗಲೇ ಪ್ರವೇಶ ಪುಕ್ಕಟೆಯಾಗಿತ್ತು. ನಡುವೆ ಕೆಲವು ಮ್ಯೂಸಿಯಂಗಳು ಶುಲ್ಕ ಹಾಕಿದ್ದವು, 2001ರ ಡಿಸೆಂಬರಿನಲ್ಲಿ ಅದೂ ಹೋಯಿತು. ಈಗ ವಿಶೇಷ ಪ್ರದರ್ಶನಗಳಿಗೆ ಮಾತ್ರ ದುಡ್ಡು. ಬಾಗಿಲಲ್ಲಿ ದೇಣಿಗೆ ಪೆಟ್ಟಿಗೆ ಇರುತ್ತದೆ; ಅದನ್ನು ದಾಟಿಕೊಂಡು ಸುಮ್ಮನೆ ಒಳಗೆ ಹೋಗಲು ನನಗೆ ಮೊದಮೊದಲು ಸಂಕೋಚವೆನಿಸಿತು. “ಅತ್ತೆ, ನಾವು ಕಟ್ಟೋ ತೆರಿಗೆಯಲ್ಲಿ ಅದೂ ಸೇರಿದೆ, ನೀವು ಧಾರಾಳವಾಗಿ ಹೋಗಿ” ಎಂದ ಅಳಿಯನ ಮಾತಿನಿಂದ ಆ ಸಂಕೋಚ ಹೋಯಿತು.

ಟಿಕೆಟ್ ಇಲ್ಲದಿದ್ದರೆ ನೋಡುವ ರೀತಿಯೇ ಬೇರೆಯಾಗುತ್ತದೆ ಎಂಬುದು ತಿಳಿದದ್ದು ಟ್ರಾಫಲ್ಗರ್ ಚೌಕದ ನ್ಯಾಷನಲ್ ಗ್ಯಾಲರಿಯಲ್ಲಿ. ದುಡ್ಡು ಕೊಟ್ಟು ಒಳಗೆ ಹೋದವರಿಗೆ ಎಲ್ಲವನ್ನೂ ನೋಡಿಯೇ ತೀರಬೇಕೆಂಬ ಅವಸರ ಹತ್ತುತ್ತದೆ. ಶಾಲೆಯ ಪ್ರವಾಸದಲ್ಲಿ ಮಕ್ಕಳನ್ನು ಮೈಸೂರಿನ ಅರಮನೆಯೊಳಗೆ ಹಾಗೆಯೇ ಓಡಿಸಿಕೊಂಡು ಹೋಗುತ್ತಿದ್ದೆವು. ಇಲ್ಲಿ ನಾಳೆ ಮತ್ತೆ ಬರಬಹುದು, ಹತ್ತೇ ನಿಮಿಷ ಇದ್ದು ಹೊರಡಬಹುದು. ಹಾಗಾಗಿ ಒಂದು ಹೊತ್ತಿಗೆ ಒಂದೇ ಚಿತ್ರ ಎಂದು ನಿಯಮ ಮಾಡಿಕೊಂಡೆ. ಯಾನ್ ವಾನ್ ಐಕ್ 1434ರಲ್ಲಿ ಬರೆದ ಆರ್ನಾಲ್ಫಿನಿ ಚಿತ್ರ ಒಂದು ಗೋಡೆ ಕ್ಯಾಲೆಂಡರಿಗಿಂತ ದೊಡ್ಡದೇನಲ್ಲ. ಕೋಣೆಯೊಂದರಲ್ಲಿ ಗಂಡು ಹೆಣ್ಣು ಕೈ ಹಿಡಿದು ನಿಂತಿದ್ದಾರೆ. ಮೊದಲಿಗೆ ಕಾಣುವುದು ಅವರ ಉಡುಪು, ಕಾಲ ಬಳಿಯ ಪುಟ್ಟ ನಾಯಿ. ಬೆಂಚಿನ ಮೇಲೆ ಕೂತು ನೋಡುತ್ತ ಹೋದಂತೆ ಬಿಚ್ಚಿಟ್ಟ ಮರದ ಮೆಟ್ಟು ಕಂಡಿತು, ಕಿಟಕಿಯ ಬಳಿಯ ಕಿತ್ತಳೆ ಕಂಡಿತು, ಹಗಲಿನಲ್ಲೂ ಉರಿಯುತ್ತಿರುವ ಒಂದೇ ಒಂದು ಮೇಣದ ಬತ್ತಿ ಕಂಡಿತು. ಹಿಂದಿನ ಗೋಡೆಯ ದುಂಡು ಕನ್ನಡಿಯಲ್ಲಿ ಅವರಿಬ್ಬರ ಬೆನ್ನು, ಅದರಾಚೆ ಬಾಗಿಲಲ್ಲಿ ನಿಂತ ಇನ್ನಿಬ್ಬರು. ಅವರನ್ನು ನಾನು ಕಂಡದ್ದು ಮತ್ತೊಮ್ಮೆ ಹೋದಾಗಲೇ.

ಈ ಗ್ಯಾಲರಿಯ ಎರಡು ಸಂಗತಿಗಳು ನನಗೆ ಬಹಳ ಹಿಡಿಸಿದವು. ಪಶ್ಚಿಮದ ಶ್ರೀಮಂತರು ಗಾಡಿಯಲ್ಲೂ ಪೂರ್ವದ ಬಡವರು ನಡೆದುಕೊಂಡೂ ಬರಲಿ ಎಂದೇ ಊರ ನಡುವೆ ಈ ಜಾಗ ಆರಿಸಿದರಂತೆ. ಎರಡನೇ ಮಹಾಯುದ್ಧದಲ್ಲಿ ಬಾಂಬಿನ ಭಯಕ್ಕೆ ಚಿತ್ರಗಳನ್ನೆಲ್ಲ ವೇಲ್ಸಿನ ಕಲ್ಲುಗಣಿಯೊಳಗೆ ಸಾಗಿಸಿದ್ದರು. ಜನ ಚಿತ್ರ ಬೇಕೆಂದರು. ಆಗ, 1942ರಿಂದ, ತಿಂಗಳಿಗೆ ಒಂದೇ ಚಿತ್ರವನ್ನು ಹಿಂದಕ್ಕೆ ತಂದು ತೂಗುಹಾಕಿದರು. ಆ ಒಂದು ಚಿತ್ರ ನೋಡಲು ಯುದ್ಧದ ನಡುವೆ ಜನ ಕಿಕ್ಕಿರಿದು ಬಂದರು.

ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂಗೆ ನಾನು ಹೋದದ್ದು ಟಿಪ್ಪುವಿನ ಹುಲಿಗಾಗಿ. ನಾನು ಮಂಡ್ಯ ಸೀಮೆಯವಳು, ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳಿದವಳು. ಶ್ರೀರಂಗಪಟ್ಟಣದ ಲಾಲ್ ಮಹಲಿನ ಅಳಿದುಳಿದ ಅಡಿಪಾಯದ ಎದುರು ನಿಂತು, ಪುಸ್ತಕದ ಕಪ್ಪುಬಿಳುಪು ಚಿತ್ರ ತೋರಿಸಿ, “ಇದು ಈಗ ಲಂಡನ್ನಿನಲ್ಲಿದೆ” ಎಂದು ಎಷ್ಟೋ ಮಕ್ಕಳಿಗೆ ಹೇಳಿದ್ದೆ. ಅದು ಗಾಜಿನೊಳಗೆ ಕಣ್ಣೆದುರು ಇತ್ತು. ಸುಮಾರು ಆರಡಿ ಉದ್ದದ ಬಣ್ಣ ಬಳಿದ ಮರದ ಹುಲಿ, ಅದರಡಿ ಅಂಗಾತ ಬಿದ್ದ ಕೆಂಪು ಕೋಟಿನ ಐರೋಪ್ಯ. ಹಿಡಿ ತಿರುಗಿಸಿದರೆ ಅವನ ಎಡಗೈ ಮೇಲೇಳುತ್ತದೆ, ಅವನ ಚೀತ್ಕಾರವೂ ಹುಲಿಯ ಗುರುಗುಟ್ಟುವಿಕೆಯೂ ಕೇಳುತ್ತವೆ. ಹುಲಿಯ ಹೊಟ್ಟೆಯೊಳಗೆ ಪುಟ್ಟದೊಂದು ಆರ್ಗನ್ ವಾದ್ಯವೇ ಇದೆ. 1799ರ ಮೇ 4ರಂದು ಕೋಟೆ ಬಿದ್ದ ಮೇಲೆ ಅರಮನೆಯಲ್ಲಿ ಸಿಕ್ಕಿದ ಇದನ್ನು 1808ರಿಂದ ಈಸ್ಟ್ ಇಂಡಿಯಾ ಕಂಪನಿಯ ಕಚೇರಿಯಲ್ಲಿ ಜನರ ನೋಟಕ್ಕಿಟ್ಟಿದ್ದರು. ಬಂದವರೆಲ್ಲ ಹಿಡಿ ತಿರುಗಿಸುತ್ತಿದ್ದರು, ಆ ಸದ್ದಿಗೆ ಅಲ್ಲಿ ಓದುತ್ತ ಕೂತಿದ್ದವರು ರೋಸಿಹೋಗಿದ್ದರಂತೆ.

ಹುಲಿಯ ಎದುರು ನನಗೆ ಸಿಟ್ಟೂ ಬಂತು, ಸಂತೋಷವೂ ಆಯಿತು. ಲೂಟಿಯಾಗಿ ಹೋದದ್ದು ಲೂಟಿಯೇ. ಪುಕ್ಕಟೆ ತೋರಿಸುತ್ತಾರೆಂದು ಅದು ತೊಳೆದುಹೋಗುವುದಿಲ್ಲ. ಆದರೆ ಅಷ್ಟು ದೂರ ಹೋದವಳಿಗೆ ಅದನ್ನು ನೋಡಲು ಮತ್ತೆ ದುಡ್ಡು ತೆರಬೇಕಾಗಿ ಬಂದಿದ್ದರೆ ತಡೆದುಕೊಳ್ಳಲಾಗುತ್ತಿರಲಿಲ್ಲ. ಆ ಬಡಾವಣೆಗೆ ಹೋದಾಗಲೆಲ್ಲ ಹುಲಿಯನ್ನು ಮಾತಾಡಿಸಿಕೊಂಡೇ ಬಂದೆ.

ಮ್ಯೂಸಿಯಂಗಳ ಆಚೆಗೂ ಪುಕ್ಕಟೆಯ ಇನ್ನೊಂದು ಲೋಕವಿದೆ. ಪಾರ್ಲಿಮೆಂಟ್ ನಡೆಯುವ ದಿನ ಸರದಿಯಲ್ಲಿ ನಿಂತರೆ ವಿದೇಶಿಯರನ್ನೂ ಗ್ಯಾಲರಿಗೆ ಬಿಡುತ್ತಾರೆ. ವಿಮಾನ ನಿಲ್ದಾಣದಂಥ ತಪಾಸಣೆ ಮುಗಿಸಿ ವೆಸ್ಟ್‌ಮಿನ್‌ಸ್ಟರ್ ಹಾಲಿಗೆ ಕಾಲಿಟ್ಟರೆ ಮೇಲೆ ಆರು ಶತಮಾನಗಳ ಹಿಂದಿನ ಮರದ ಮಾಡು. ಭಾರತದಲ್ಲಿ ಗವರ್ನರ್ ಜನರಲ್ ಆಗಿದ್ದ ವಾರನ್ ಹೇಸ್ಟಿಂಗ್ಸನನ್ನು 1788ರಿಂದ ಏಳು ವರ್ಷ ವಿಚಾರಣೆಗೆ ನಿಲ್ಲಿಸಿದ್ದು ಈ ಹಾಲಿನಲ್ಲೇ. ಪಾಠದಲ್ಲಿ ಒಂದೇ ಸಾಲಿನಲ್ಲಿ ಮುಗಿಸುತ್ತಿದ್ದ ಸಂಗತಿಯ ನೆಲದ ಮೇಲೆ ನಾನೇ ನಿಂತಿದ್ದೆ. ಮೇಲೆ ಹೋಗಿ ಕೂತಾಗ ಸಭೆಯಲ್ಲಿ ಬೆರಳೆಣಿಕೆಯ ಸದಸ್ಯರಿದ್ದರು. ಒಬ್ಬರು ತಮ್ಮ ಊರಿನ ಬಸ್ಸುಗಳ ಬಗ್ಗೆ ಮಾತಾಡುತ್ತಿದ್ದರು, ಮಂತ್ರಿಯೊಬ್ಬರು ಎದ್ದು ಉತ್ತರ ಕೊಡುತ್ತಿದ್ದರು. ದಿನದ ಕಲಾಪದ ಕೊನೆಗೆ ಅರ್ಧ ಗಂಟೆ ಒಬ್ಬ ಸದಸ್ಯರ ಇಂಥ ಅಹವಾಲಿಗೇ ಮೀಸಲು. ಪೌರನೀತಿ ಕಲಿಸಿದವಳಿಗೆ ಅದಕ್ಕಿಂತ ದೊಡ್ಡ ನಾಟಕ ಬೇಕಿರಲಿಲ್ಲ.

ಅಲ್ಲಿಂದ ಸೇತುವೆ ದಾಟಿ ಥೇಮ್ಸ್ ನದಿಯ ಆಚೆ ದಂಡೆಯಲ್ಲಿ ಬಲಕ್ಕೆ ನಡೆದರೆ ಕೋವಿಡ್ಡಿನಲ್ಲಿ ಸತ್ತವರಿಗಾಗಿ ಕೆಂಪು ಹೃದಯಗಳನ್ನು ಬರೆದ ಉದ್ದನೆಯ ಗೋಡೆ ಸಿಗುತ್ತದೆ. ಇನ್ನೂ ಮುಂದೆ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ ನಮ್ಮ ಬಸವಣ್ಣನವರ ಪ್ರತಿಮೆಯಿದೆ, 2015ರ ನವೆಂಬರಿನಲ್ಲಿ ಅನಾವರಣಗೊಂಡದ್ದು. ಕೈಯಲ್ಲಿ ಹೂವಿಲ್ಲದಿದ್ದರೂ ಕೈ ಮುಗಿದೆ. ಪಕ್ಕದ ಬೆಂಚಿನಲ್ಲಿ ಬುತ್ತಿ ಬಿಚ್ಚಿದೆ.

ಇನ್ನೊಂದು ದಿನ ಪ್ರಿಮ್‌ರೋಸ್ ಹಿಲ್ ಹತ್ತಿರದ ಕಿಂಗ್ ಹೆನ್ರೀಸ್ ರಸ್ತೆಯ 10ನೇ ನಂಬರಿನ ಮನೆಗೆ ಹೋದೆ. ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿ ಓದುತ್ತಿದ್ದ ಅಂಬೇಡ್ಕರರು 1921–22ರಲ್ಲಿ ಇದ್ದ ಮನೆ. ಮಹಾರಾಷ್ಟ್ರ ಸರ್ಕಾರ ಕೊಂಡುಕೊಂಡು ಸ್ಮಾರಕ ಮಾಡಿದೆ, ಪ್ರವೇಶಕ್ಕೆ ಹಣವಿಲ್ಲ. ಹೊಟ್ಟೆ ಬಟ್ಟೆ ಕಟ್ಟಿ ಈ ಊರಿನಲ್ಲಿ ಓದಿದವರ ಮನೆಯಲ್ಲಿ ನಿಂತಾಗ ನನ್ನ ಬುತ್ತಿ ಚೀಲದ ಬಗ್ಗೆ ಹೆಮ್ಮೆಯೆನಿಸಿತು. ಬೆಟ್ಟವೆಂದು ಕರೆದರೂ ಪ್ರಿಮ್‌ರೋಸ್ ಹಿಲ್ ಒಂದು ಹುಲ್ಲಿನ ದಿಣ್ಣೆ ಅಷ್ಟೆ, ಮಂಡಿನೋವಿನವರೂ ಹತ್ತಬಹುದು. ಮೇಲಿಂದ ಅರ್ಧ ಲಂಡನ್ ಕಾಣುತ್ತದೆ.

ಬರುವ ಬೇಸಿಗೆಗೆ ನಮ್ಮ ಬೀಗಿತ್ತಿಯವರು ಹೊರಟಿದ್ದಾರೆ. ಅವರಿಗೆ ಹೇಳಿರುವುದಿಷ್ಟು. ನಮ್ಮ ವಯಸ್ಸಿನವರಿಗೆ ಊರು ಸುತ್ತುವಾಗ ಮೊದಲ ಚಿಂತೆ ಶೌಚಾಲಯದ್ದು. ಯಾವ ಮ್ಯೂಸಿಯಂಗಾದರೂ ನುಗ್ಗಿ, ಚೊಕ್ಕಟವಾಗಿರುತ್ತದೆ, ಬಾಟಲಿಗೆ ನೀರೂ ಸಿಗುತ್ತದೆ. ಸೇಂಟ್ ಜೇಮ್ಸ್ ಪಾರ್ಕಿನಲ್ಲಿ ಪಟ್ಟೆಪಟ್ಟೆ ಬಟ್ಟೆಯ ಕುರ್ಚಿಗಳಿಗೆ ಬಾಡಿಗೆಯಿದೆ, ಮರದ ಬೆಂಚಿಗಿಲ್ಲ. ವೆಸ್ಟ್‌ಮಿನ್‌ಸ್ಟರ್ ಅಬ್ಬೆ ನೋಡಲು ಟಿಕೆಟ್ ದುಬಾರಿ, ಸಂಜೆಯ ಪ್ರಾರ್ಥನೆಗೆ ಹೋಗಿ ಕೂತರೆ ಯಾರೂ ದುಡ್ಡು ಕೇಳುವುದಿಲ್ಲ, ಗಾಯನವನ್ನೂ ಕೇಳಬಹುದು; ಪ್ರಾರ್ಥನೆ ಮುಗಿಯುವ ತನಕ ಫೋನು ಚೀಲದಲ್ಲಿರಲಿ. ಬ್ರಿಟಿಷ್ ಮ್ಯೂಸಿಯಂನಲ್ಲಿ ಸ್ವಯಂಸೇವಕರು ಒಂದೊಂದು ಕೋಣೆಯನ್ನು ಪುಕ್ಕಟೆಯಾಗಿ ವಿವರಿಸುತ್ತಾರೆ, ಇಂಗ್ಲಿಷ್ ಅರ್ಧ ಅರ್ಥವಾದರೂ ನಷ್ಟವಿಲ್ಲ. ಶುಕ್ರವಾರ ಮಾತ್ರ ಬೇಗ ಮನೆಗೆ ಮರಳಬೇಡಿ. ಅಂದು ನ್ಯಾಷನಲ್ ಗ್ಯಾಲರಿ ರಾತ್ರಿ ಒಂಬತ್ತರವರೆಗೆ, ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಹತ್ತರವರೆಗೆ ತೆರೆದಿರುತ್ತವೆ. ಶಾಲೆಯ ಮಕ್ಕಳ ಗುಂಪುಗಳಿಲ್ಲ, ಪ್ರವಾಸಿಗಳ ನೂಕುನುಗ್ಗಲೂ ಕಡಿಮೆ. ಕೆಲಸ ಮುಗಿಸಿಕೊಂಡು ಮಗ ಸೊಸೆಯೂ ಅಲ್ಲಿಗೇ ಬಂದು ನಿಮ್ಮನ್ನು ಸೇರಿಕೊಳ್ಳಬಹುದು.