ಸವೆದ ವಿಡಿಯಾ ಟಿಪ್ಪು ಮತ್ತು ಟಂಗ್‌ಸ್ಟನ್ನಿನ ಆರನೆಯ ಸ್ಥಿತಿ

ಅನಗೋಳ ಹಾಗೂ ಉದ್ಯಮಬಾಗದ ಯಂತ್ರಶಾಲೆಗಳಲ್ಲಿ ಲೇಥ್ ಅಥವಾ ಸಿ.ಎನ್.ಸಿ. ಯಂತ್ರದ ಪಕ್ಕದಲ್ಲಿ ಒಂದು ಹಳೆಯ ಡಬ್ಬಿ ಇರುವುದು ಸಾಮಾನ್ಯ. ಅಂಚುಗಳೆಲ್ಲ ಸವೆದ ಇನ್ಸರ್ಟುಗಳು ಅದರಲ್ಲಿ ಬೀಳುತ್ತವೆ. ಡಬ್ಬಿ ತುಂಬಿದಾಗ ಭಂಗಾರದ ವ್ಯಾಪಾರಿ ಬಂದು, ತೂಕ ಮಾಡಿ, ಹಣ ಕೊಟ್ಟು ಒಯ್ಯುತ್ತಾನೆ. ಒಯ್ದದ್ದು ಮುಂದೆ ಏನಾಗುತ್ತದೆಂದು ವಿಚಾರಿಸುವವರು ಕಡಿಮೆ. 2025ರ ಫೆಬ್ರವರಿ 4ರಂದು ಚೀನಾ ದೇಶವು ಟಂಗ್‌ಸ್ಟನ್ ಪದಾರ್ಥಗಳ ರಫ್ತಿನ ಮೇಲೆ ನಿಯಂತ್ರಣ ಹೇರಿದ ಮೇಲಾದರೂ ಈ ವಿಚಾರಣೆ ಅವಶ್ಯವಾಗಿದೆ. ಜಗತ್ತಿನ ಗಣಿ ಉತ್ಪಾದನೆಯಲ್ಲಿ ಐದರಲ್ಲಿ ನಾಲ್ಕು ಪಾಲು ಆ ಒಂದೇ ದೇಶದ್ದು. ಅದೇ ವರ್ಷದೊಳಗೆ ಅಂತರರಾಷ್ಟ್ರೀಯ ದರವು ದುಪ್ಪಟ್ಟನ್ನೂ ಮೀರಿತು.

ನಮ್ಮ ಕಾರ್ಮಿಕರ ಬಾಯಲ್ಲಿರುವ 'ವಿಡಿಯಾ' ಎಂಬುದು ಜರ್ಮನಿಯ ಕ್ರುಪ್ ಸಂಸ್ಥೆಯು 1920ರ ದಶಕದಲ್ಲಿ ಇಟ್ಟ ವ್ಯಾಪಾರನಾಮ. ಜರ್ಮನ್ ಭಾಷೆಯಲ್ಲಿ 'ವಜ್ರದಂತೆ' ಎಂಬ ಅರ್ಥದ ಎರಡು ಪದಗಳನ್ನು ಕೂಡಿಸಿ ಮಾಡಿದ ಹೆಸರು. ವಿಡಿಯಾ ಇಂಡಿಯಾ ಕಂಪನಿಯು 1964ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾಯಿತು. ಇಂದು ಅದು ಕೆನ್ನಾಮೆಟಲ್ ಇಂಡಿಯಾ.

ಲೆಕ್ಕವನ್ನು ಮೊದಲು ನೋಡೋಣ. ಒಂದು ಇನ್ಸರ್ಟಿನಲ್ಲಿ ಶೇ. 92 ಟಂಗ್‌ಸ್ಟನ್ ಕಾರ್ಬೈಡ್, ಶೇ. 8 ಕೋಬಾಲ್ಟ್ ಇದೆಯೆಂದು ಭಾವಿಸಿದರೆ, ಒಂದು ಕಿಲೋ ಟಿಪ್ಪಿನಲ್ಲಿ ಸುಮಾರು 864 ಗ್ರಾಂ ಟಂಗ್‌ಸ್ಟನ್ ಇರುತ್ತದೆ. ಅದನ್ನು ಪೂರ್ಣವಾಗಿ ಆಕ್ಸೈಡ್ ಆಗಿಸಿದರೆ ಆಮ್ಲಜನಕ ಕೂಡಿಕೊಂಡು 1.09 ಕಿಲೋ ಆಗುತ್ತದೆ. ಕೊಟ್ಟ ಮಾಲಿಗಿಂತ ಬಂದ ಮಾಲು ಹೆಚ್ಚು ತೂಗುವ ಅಪರೂಪದ ವ್ಯವಹಾರವಿದು! ಅಂತರರಾಷ್ಟ್ರೀಯ ಪೇಟೆಯಲ್ಲಿ ದರ ಹೇಳುವುದು 'ಮೆಟ್ರಿಕ್ ಟನ್ ಯೂನಿಟ್' ಎಂಬ ಅಳತೆಗೆ. ಅಂದರೆ 10 ಕಿಲೋ ಆಕ್ಸೈಡಿಗೆ. ಹೆಸರಿನಲ್ಲಿ ಟನ್ ಇದ್ದರೂ ಅಳತೆ ಹತ್ತೇ ಕಿಲೋ ಎಂಬುದನ್ನು ಮರೆಯಬಾರದು. ನಮ್ಮ ಟಿಪ್ಪುಗಳ ಒಂಬತ್ತು ಕಿಲೋ ಚಿಲ್ಲರೆಯಲ್ಲಿ ಇಂಥ ಒಂದು ಯೂನಿಟ್ ಅಡಗಿದೆ. ಉಕ್ಕು ಕಡಿಯುವ ದರ್ಜೆಗಳಲ್ಲಿ ಟೈಟೇನಿಯಂ, ಟ್ಯಾಂಟಲಂ ಕಾರ್ಬೈಡುಗಳೂ ಬೆರೆತಿರುವುದರಿಂದ ಅವುಗಳಲ್ಲಿ ಪ್ರಮಾಣ ಕೊಂಚ ಕಡಿಮೆ.

ಇದಕ್ಕೆ ಹೋಲಿಸಿದರೆ ಗಣಿಯ ಅದಿರು ಬಡವ. ಗಣಿಗಾರಿಕೆಗೆ ಯೋಗ್ಯವೆನಿಸಿದ ಅದಿರಿನಲ್ಲಿಯೂ ಆಕ್ಸೈಡಿನ ಅಂಶ ಸಾಮಾನ್ಯವಾಗಿ ಶೇ. 0.1ರಿಂದ 1ರವರೆಗೆ ಮಾತ್ರ. ಭಾರತೀಯ ಗಣಿ ಬ್ಯೂರೋದ ಲೆಕ್ಕದಂತೆ ದೇಶದ ಟಂಗ್‌ಸ್ಟನ್ ಸಂಪನ್ಮೂಲದಲ್ಲಿ ಶೇ. 42ರಷ್ಟು ಕರ್ನಾಟಕದಲ್ಲಿದೆ. ಕೋಲಾರದ ಚಿನ್ನದ ಅದಿರಿನ ಜೊತೆಗೇ ಶೀಲೈಟ್ ಎಂಬ ಟಂಗ್‌ಸ್ಟನ್ ಖನಿಜ ದೊರೆಯುತ್ತದೆ. ಆದರೆ ಅದರ ಅಂಶ ಬಹಳ ಕಡಿಮೆ. ಅಲ್ಲಿನ ಗಣಿಗಳೂ 2001ರಲ್ಲಿ ಮುಚ್ಚಿದವು.

ಇನ್ನು ರಸಾಯನಶಾಸ್ತ್ರ. ಟಂಗ್‌ಸ್ಟನ್ ಪರಮಾಣುವಿನಲ್ಲಿ 74 ಇಲೆಕ್ಟ್ರಾನುಗಳಿದ್ದು, ಅವುಗಳಲ್ಲಿ ಹೊರಗಿನ ಆರು ಮಾತ್ರ ಬಂಧಗಳಿಗೆ ಒದಗುತ್ತವೆ. ಆರನ್ನೂ ಬಿಟ್ಟುಕೊಟ್ಟ ಸ್ಥಿತಿಯೇ +6 ಉತ್ಕರ್ಷಣ ಸ್ಥಿತಿ. ಇದಕ್ಕಿಂತ ಮೇಲಿನ ಸ್ಥಿತಿ ಈ ಲೋಹಕ್ಕಿಲ್ಲ. ಗೋದಾಮು ಖಾಲಿ ಮಾಡಿಕೊಂಡು ಖರೀದಿಗೆ ಕುಳಿತ ವ್ಯಾಪಾರಿಯಂತೆ, ಈ ಸ್ಥಿತಿಯ ಟಂಗ್‌ಸ್ಟನ್ ಆಮ್ಲಜನಕ, ಕ್ಲೋರಿನ್ ಮೊದಲಾದವುಗಳ ಇಲೆಕ್ಟ್ರಾನ್ ಜೋಡಿಗಳನ್ನು ಬಲವಾಗಿ ತನ್ನತ್ತ ಸೆಳೆಯುತ್ತದೆ. ಅವು ಸುತ್ತ ನೆರೆದು ಆಗುವುದೇ ಸಂಕೀರ್ಣ ಸಂಯುಕ್ತ.

ಸವೆದ ಟಿಪ್ಪು ಮರುಜನ್ಮ ಪಡೆಯುವುದೂ ಈ ಸ್ಥಿತಿಯ ಮೂಲಕವೇ. ಗಟ್ಟಿ ಕಾರ್ಬೈಡನ್ನು ಗಾಳಿಯಲ್ಲಿ 800ರಿಂದ 900 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಟ್ಟು ಆಕ್ಸೈಡ್ ಆಗಿಸಿ, ಒತ್ತಡದಲ್ಲಿ ಕಾಸ್ಟಿಕ್ ಸೋಡಾ ದ್ರಾವಣದೊಡನೆ ಕಾಯಿಸುತ್ತಾರೆ. ಟಂಗ್‌ಸ್ಟನ್ ಸೋಡಿಯಂ ಟಂಗ್‌ಸ್ಟೇಟ್ ರೂಪದಲ್ಲಿ ನೀರಿಗೆ ಇಳಿಯುತ್ತದೆ. ಕೋಬಾಲ್ಟ್ ಕೆಸರಿನಲ್ಲಿ ಉಳಿಯುತ್ತದೆ. ದ್ರಾವಣವನ್ನು ಶುದ್ಧಗೊಳಿಸಿ, ಅಮೋನಿಯಾ ಕೂಡಿಸಿ, ಇಂಗಿಸಿದಾಗ ಬಿಳಿಯ ಹರಳಾಗಿ ಬರುವುದೇ ಅಮೋನಿಯಂ ಪ್ಯಾರಾಟಂಗ್‌ಸ್ಟೇಟ್. ಮೇಲೆ ಹೇಳಿದ ಅಂತರರಾಷ್ಟ್ರೀಯ ದರ ಈ ಹರಳಿನದು. ಇದನ್ನು ಕಾಯಿಸಿದರೆ ಹಳದಿ ಆಕ್ಸೈಡ್, ಹೈಡ್ರೋಜನ್ ಹಾಯಿಸಿದರೆ ಲೋಹದ ಪುಡಿ, ಇಂಗಾಲ ಕೂಡಿಸಿದರೆ ಪುನಃ ಕಾರ್ಬೈಡ್. ಕರಗಿದ ಸತುವಿನಲ್ಲಿ ಮುಳುಗಿಸಿ ಕಾರ್ಬೈಡನ್ನು ಕಾರ್ಬೈಡಾಗಿಯೇ ಹಿಂಪಡೆಯುವ ಇನ್ನೊಂದು ವಿಧಾನವೂ ಉಂಟು. ಅದರಲ್ಲಿ ಶುದ್ಧೀಕರಣ ನಡೆಯುವುದಿಲ್ಲವಾದ್ದರಿಂದ ಬೆರಕೆ ಮಾಲು ಅಲ್ಲಿ ನಡೆಯದು.

ಟಂಗ್‌ಸ್ಟೇಟ್ ಆಗಿ ದ್ರಾವಣಕ್ಕೆ ಬಂದ ಮೇಲೆ ಅದು ಪುನಃ ಟಿಪ್ಪೇ ಆಗಬೇಕೆಂದಿಲ್ಲ. ಕ್ರಿಯಾವರ್ಧಕವಾಗಿ, ಅಂದರೆ ತಾನು ವ್ಯಯವಾಗದೆ ರಾಸಾಯನಿಕ ಕ್ರಿಯೆಯನ್ನು ತ್ವರೆಗೊಳಿಸುವ ವಸ್ತುವಾಗಿ, ಅದರ ಬೇಡಿಕೆ ಬೇರೆಯೇ. ಸೋಡಿಯಂ ಟಂಗ್‌ಸ್ಟೇಟಿಗೆ ಹೈಡ್ರೋಜನ್ ಪೆರಾಕ್ಸೈಡ್ ಬೆರೆಸಿದರೆ ಪೆರಾಕ್ಸೊ ಸಂಕೀರ್ಣ ಉಂಟಾಗಿ, ಎದುರಿನ ಸಾವಯವ ಅಣುವಿಗೆ ಒಂದು ಆಮ್ಲಜನಕವನ್ನು ದಾಟಿಸುತ್ತದೆ. ಲೋಹವು ಆದ್ಯಂತ +6ರಲ್ಲಿಯೇ ಇರುತ್ತದೆ. ಹಿಂದುಳಿಯುವುದು ನೀರು ಮಾತ್ರ. ಜಪಾನಿನ ನಗೋಯಾ ವಿಶ್ವವಿದ್ಯಾಲಯದ ನೊಯೋರಿ ಮತ್ತು ಸಂಗಡಿಗರು 1998ರಲ್ಲಿ ಈ ಕ್ರಮದಿಂದ ಸೈಕ್ಲೊಹೆಕ್ಸೀನನ್ನು ನೈಲಾನ್-66ರ ಮೂಲವಸ್ತುವಾದ ಅಡಿಪಿಕ್ ಆಮ್ಲವಾಗಿ ಪರಿವರ್ತಿಸಿ ತೋರಿಸಿದರು. ನೈಟ್ರಿಕ್ ಆಮ್ಲದ ರೂಢಿಯ ವಿಧಾನದಲ್ಲಿ ಹೊರಬೀಳುವ ನೈಟ್ರಸ್ ಆಕ್ಸೈಡ್ ಇಲ್ಲಿಲ್ಲ. ಹಾಗಿದ್ದರೂ ಕಾರ್ಖಾನೆಗಳು ಹಳೆಯ ದಾರಿಯನ್ನು ಬಿಡಲಿಲ್ಲ. ಒಂದು ಕಿಲೋ ಅಡಿಪಿಕ್ ಆಮ್ಲಕ್ಕೆ ಶೇ. 30ರ ಪೆರಾಕ್ಸೈಡ್ ಮೂರು ಕಿಲೋಗೂ ಹೆಚ್ಚು ಬೇಕು. ಲೆಕ್ಕ ಅಲ್ಲಿಗೆ ನಿಲ್ಲುತ್ತದೆ. ಪ್ರಯೋಗಾಲಯದ ಯಶಸ್ಸನ್ನು ಓದುವಾಗ ವ್ಯಾಪಾರಸ್ಥರು ಈ ಪ್ರಶ್ನೆಯನ್ನು ಮೊದಲು ಕೇಳಬೇಕು.

ಲೆಕ್ಕ ಕೂಡಿಬಂದ ಉದಾಹರಣೆಗಳೂ ಇವೆ. ಇಂಗಾಲದ ದ್ವಿಬಂಧವುಳ್ಳ ಎರಡು ಅಣುಗಳು, ಎರಡು ಜೋಡಿ ಎತ್ತುಗಳ ನೊಗ ಬಿಚ್ಚಿ ಅದಲುಬದಲು ಹೂಡಿದಂತೆ, ತಮ್ಮ ಅರ್ಧಗಳನ್ನು ಬದಲಾಯಿಸಿಕೊಳ್ಳುವ ಕ್ರಿಯೆಗೆ ಮೆಟಾಥೆಸಿಸ್ ಎಂದು ಹೆಸರು. ಸಿಲಿಕಾದ ಮೇಲೆ ಲೇಪಿಸಿದ ಟಂಗ್‌ಸ್ಟನ್ ಆಕ್ಸೈಡಿನಿಂದ ಎಥಿಲೀನ್ ಮತ್ತು ಬ್ಯೂಟೀನ್‌ಗಳನ್ನು ಕೂಡಿಸಿ ಪ್ರೊಪಿಲೀನ್ ತಯಾರಿಸುವ ದೊಡ್ಡ ಸ್ಥಾವರಗಳು ಈ ಕ್ರಿಯೆಯನ್ನೇ ನಡೆಸುತ್ತವೆ. ಈ ಕ್ರಿಯೆಯ ಅಧ್ಯಯನಕ್ಕಾಗಿ ಶೊವ್ಯಾ, ಗ್ರಬ್ಸ್, ಶ್ರಾಕ್ ಇವರಿಗೆ 2005ರ ನೊಬೆಲ್ ಪ್ರಶಸ್ತಿ ಬಂದಿತು. ಲೋಹ ಮತ್ತು ಇಂಗಾಲದ ನಡುವಿನ ದ್ವಿಬಂಧವೇ ಇಲ್ಲಿ ನೊಗದ ಕೀಲು. ಶ್ರಾಕ್ ಅವರ ಕೆಲಸವು ಉನ್ನತ ಉತ್ಕರ್ಷಣ ಸ್ಥಿತಿಯ ಟಂಗ್‌ಸ್ಟನ್, ಮಾಲಿಬ್ಡಿನಂ ಸಂಕೀರ್ಣಗಳದ್ದು.

ನಮ್ಮ ಜಿಲ್ಲೆಗೆ ಹತ್ತಿರದ ಉಪಯೋಗ ಇನ್ನೊಂದಿದೆ. ಹನ್ನೆರಡು ಟಂಗ್‌ಸ್ಟನ್ ಪರಮಾಣುಗಳು ಒಂದು ಸಿಲಿಕಾನಿನ ಸುತ್ತ ಗೂಡು ಕಟ್ಟಿದ ಸಿಲಿಕೊಟಂಗ್‌ಸ್ಟಿಕ್ ಆಮ್ಲವು ಎಥನಾಲಿನಿಂದ ನೀರನ್ನು ತೆಗೆದು ಎಥಿಲೀನ್ ಆಗಿಸಬಲ್ಲದು. ಸಕ್ಕರೆ ಕಾರ್ಖಾನೆಗಳ ಡಿಸ್ಟಿಲರಿಗಳಿರುವ ಬೆಳಗಾವಿಯಲ್ಲಿ ಈ ಸಂಗತಿಯನ್ನು ಗಮನದಲ್ಲಿಡುವುದು ಒಳ್ಳೆಯದು.

ಇವೆಲ್ಲವನ್ನು ನಮ್ಮ ಶೆಡ್ಡುಗಳಲ್ಲಿಯೇ ಮಾಡಬಹುದೆಂದು ಯಾರೂ ಭಾವಿಸಬಾರದು. ಕಾಸ್ಟಿಕ್, ಅಮೋನಿಯಾ ಮತ್ತು ಕೋಬಾಲ್ಟ್ ಕೆಸರಿನ ಕೆಲಸ ಅನುಮತಿ ಪಡೆದ ಸ್ಥಾವರಗಳದ್ದು. ನಮ್ಮ ಕೈಯಲ್ಲಿರುವುದು ಡಬ್ಬಿ. ಕಾರ್ಬೈಡ್ ಇನ್ಸರ್ಟುಗಳಿಗೆ ಒಂದು, ಹಿತ್ತಾಳೆ ಬೆಸುಗೆಯ ಟಿಪ್ಪುಗಳಿಗೆ ಒಂದು, ಹೈಸ್ಪೀಡ್ ಸ್ಟೀಲ್ ಡ್ರಿಲ್ಲುಗಳಿಗೆ ಒಂದು, ಹೀಗೆ ಬೇರೆಬೇರೆ ಡಬ್ಬಿಗಳಿರಲಿ. ಸರ್ಮೆಟ್ ಇನ್ಸರ್ಟು ನೋಡಲು ಕಾರ್ಬೈಡಿನಂತೆಯೇ ಇರುತ್ತದೆ. ಆದರೆ ಅದರ ಮುಖ್ಯಾಂಶ ಟೈಟೇನಿಯಂ. ಸಂದೇಹ ಬಂದಲ್ಲಿ ತೂಗಿ ನೋಡಬೇಕು. ಒಂದೇ ಅಳತೆಯ ಕಾರ್ಬೈಡ್ ಇನ್ಸರ್ಟಿನ ಅರ್ಧದಷ್ಟೇ ಸರ್ಮೆಟ್ ತೂಗುತ್ತದೆ. ಸೆರಾಮಿಕ್ ಅದಕ್ಕಿಂತಲೂ ಹಗುರ. ಮೇಲಿನ ಚಿನ್ನದ ಬಣ್ಣದ ಲೇಪವು ಕೆಲವೇ ಮೈಕ್ರಾನ್ ದಪ್ಪದ್ದಾದ್ದರಿಂದ ಅದನ್ನು ನೋಡಿ ದರ ಕಡಿಮೆ ಮಾಡುವ ಖರೀದಿದಾರನ ಮಾತನ್ನು ಒಪ್ಪಬೇಕಾಗಿಲ್ಲ.