ಸಂಗೀತದ ಹರಿವನ್ನು ಅಳೆಯುವುದು ಹೇಗೆ?

ಕಳೆದ ವರ್ಷ ನಮ್ಮ ಭೌತಶಾಸ್ತ್ರ ವಿಭಾಗದ ಇಬ್ಬರು ವಿದ್ಯಾರ್ಥಿಗಳು ಒಂದು ವ್ಯಾಜ್ಯವನ್ನು ನಮ್ಮ ಮುಂದೆ ತಂದರು. ಇಬ್ಬರೂ ಸಂಗೀತಪ್ರಿಯರು, ಇಬ್ಬರೂ ಮೊಬೈಲ್ ಫೋನಿನಲ್ಲಿ ಹಾಡು ಕೇಳುವವರು. ಒಬ್ಬನು ಒಂದು ಸ್ಟ್ರೀಮಿಂಗ್ ಸೇವೆಗೆ ತಿಂಗಳ ಚಂದಾ ಕೊಡುತ್ತಿದ್ದನು, ಮತ್ತೊಬ್ಬನು ಮತ್ತೊಂದಕ್ಕೆ. ತನ್ನದರಲ್ಲಿಯೇ ನಾದವು ಸ್ಪಷ್ಟವೆಂದು ಮೊದಲನೆಯವನ ವಾದ. ತನ್ನದು ಲಾಸ್‌ಲೆಸ್, ಅಂದರೆ ಏನೊಂದೂ ನಷ್ಟವಾಗದೆ ಬರುವಂಥದು, ಆದಕಾರಣ ಅದೇ ಮೇಲೆಂದು ಎರಡನೆಯವನ ವಾದ. ನಾವು ಇಬ್ಬರ ಫೋನುಗಳನ್ನೂ ತೆಗೆದುಕೊಂಡು, ಒಂದೇ ಕೃತಿಯನ್ನು ಎರಡರಲ್ಲಿಯೂ ಆಲಿಸಿ, ಎರಡನೆಯದೇ ಮೇಲೆಂದು ಗಂಭೀರವಾಗಿ ತೀರ್ಪು ಕೊಟ್ಟೆವು. ಆ ತೀರ್ಪು ಹೇಗೆ ಮುರಿದುಬಿತ್ತೆಂಬುದನ್ನು ಮುಂದೆ ಹೇಳುವೆವು. ಅದು ಮನದಟ್ಟಾಗಬೇಕಾದರೆ, ಗಾಯಕನ ಕಂಠದಿಂದ ನಮ್ಮ ಕಿವಿಯವರೆಗೆ ನಾದವು ಯಾವ ಹಾದಿಯಲ್ಲಿ ಬರುವುದೆಂಬುದನ್ನು ಮೊದಲು ತಿಳಿಯತಕ್ಕದ್ದು.

ನಾದವು ಸಂಖ್ಯೆಯಾಗುವ ಬಗೆ

ನಾದವೆಂದರೆ ಗಾಳಿಯ ಕಂಪನ. ಎಳೆಯ, ಆರೋಗ್ಯವಾದ ಕಿವಿಯು ಸೆಕೆಂಡಿಗೆ ಸುಮಾರು 20ರಿಂದ 20,000ದವರೆಗಿನ ಕಂಪನಗಳನ್ನು ಗ್ರಹಿಸಬಲ್ಲುದು. ವಯಸ್ಸಾದಂತೆ ಮೇಲಿನ ಎಲ್ಲೆ ಕುಗ್ಗುತ್ತ ಬರುವುದು. ಈ ಕಂಪನವನ್ನು ಸಂಖ್ಯೆಗಳಾಗಿ ಬರೆದಿಡಬೇಕಾದರೆ, ಸಮಾನವಾದ ಕಾಲಾಂತರಗಳಲ್ಲಿ ಅದರ ಎತ್ತರವನ್ನು ಅಳೆಯುತ್ತ ಹೋಗಬೇಕು. ಎಷ್ಟು ಬೇಗ ಬೇಗ ಅಳೆಯಬೇಕು? ಅತ್ಯಂತ ಹೆಚ್ಚಿನ ಕಂಪನಸಂಖ್ಯೆಯ ಎರಡರಷ್ಟಕ್ಕಿಂತ ಹೆಚ್ಚು ಸಲ ಅಳೆದರೆ ಮೂಲ ಅಲೆಯನ್ನು ಪೂರ್ಣವಾಗಿ ಮರಳಿ ಪಡೆಯಬಹುದೆಂಬುದು ಇದರ ತತ್ತ್ವ. 1928ರಲ್ಲಿ ಹ್ಯಾರಿ ನೈಕ್ವಿಸ್ಟ್ ಇದಕ್ಕೆ ಅಡಿಪಾಯ ಹಾಕಿದರು. 1949ರಲ್ಲಿ ಕ್ಲಾಡ್ ಶ್ಯಾನನ್ ಇದನ್ನು ಪ್ರಮೇಯವಾಗಿ ಪ್ರಕಟಿಸಿದರು.

1982ರಲ್ಲಿ ಮಾರುಕಟ್ಟೆಗೆ ಬಂದ ಕಾಂಪ್ಯಾಕ್ಟ್ ಡಿಸ್ಕಿನಲ್ಲಿ ಸೆಕೆಂಡಿಗೆ 44,100 ಸಲ ಅಳೆಯುವರು. ಪ್ರತಿಯೊಂದು ಅಳತೆಯನ್ನೂ 16 ಬಿಟ್ಟುಗಳಲ್ಲಿ, ಅಂದರೆ ಸೊನ್ನೆ ಅಥವಾ ಒಂದು ಎಂಬ 16 ಅಂಕಿಗಳಲ್ಲಿ, ಬರೆಯುವರು. ಎಡಕಿವಿಗೊಂದು, ಬಲಕಿವಿಗೊಂದು ವಾಹಿನಿ. ಇವನ್ನು ಗುಣಿಸಿದರೆ ಸೆಕೆಂಡಿಗೆ 14,11,200 ಬಿಟ್ಟುಗಳು, ಅಥವಾ ಸುಮಾರು 1,411 ಕಿಲೋಬಿಟ್ಟುಗಳು ಆಗುವುವು. ಒಂದೊಂದು ಬಿಟ್ಟಿಗೂ ಸುಮಾರು 6 ಡೆಸಿಬಲ್ ಲೆಕ್ಕದಲ್ಲಿ, 16 ಬಿಟ್ಟುಗಳು ಅತಿ ಮೆಲ್ಲನೆಯ ಮತ್ತು ಅತಿ ಗಟ್ಟಿಯಾದ ನಾದಗಳ ನಡುವೆ ಸುಮಾರು 96 ಡೆಸಿಬಲ್ ಅಂತರಕ್ಕೆ ಎಡೆಗೊಡುವುವು. ಸಾಮಾನ್ಯವಾದ ಕೋಣೆಯಲ್ಲಿ ಕುಳಿತು ಕೇಳುವವನಿಗೆ ಇದು ಧಾರಾಳವಾಗಿ ಸಾಕು.

ಬಿಟ್ಟುಬಿಡುವ ಕಲೆ

ಈ ಲೆಕ್ಕದಂತೆ ಒಂದು ಗಂಟೆಯ ಸಂಗೀತಕ್ಕೆ ಸುಮಾರು 635 ಮೆಗಾಬೈಟ್ ಬೇಕು. ಇದನ್ನು ಕುಗ್ಗಿಸಲು ಎರಡು ಮಾರ್ಗಗಳುಂಟು. ಮೊದಲನೆಯದು ನಷ್ಟರಹಿತ ಸಂಪೀಡನ. ಒಂದೇ ಪದವು ನೂರು ಸಲ ಬಂದಲ್ಲಿ ಅದಕ್ಕೊಂದು ಗುರುತನ್ನಿಟ್ಟು ಬರಹವನ್ನು ಚಿಕ್ಕದಾಗಿಸುವಂತೆ, ಇಲ್ಲಿ ಸಂಖ್ಯೆಗಳಲ್ಲಿರತಕ್ಕ ಕ್ರಮವನ್ನು ಬಳಸಿಕೊಳ್ಳುವರು. ಬಿಚ್ಚಿದಾಗ ಒಂದು ಬಿಟ್ಟೂ ತಪ್ಪದೆ ಮೂಲವೇ ದೊರಕುವುದು. ಫ್ಲಾಕ್ ಎಂಬ ವಿಧಾನವು ಈ ಬಗೆಯದು. ಅನೇಕ ವೇಳೆ ಇದರಿಂದ ಗಾತ್ರವು ಅರ್ಧದ ಆಸುಪಾಸಿಗೆ ಇಳಿಯುವುದು.

ಎರಡನೆಯ ಮಾರ್ಗದಲ್ಲಿ ಕಿವಿಗೆ ಕೇಳಿಸದ ಅಂಶವನ್ನು ಬಿಟ್ಟೇ ಬಿಡುವರು. ಜಾತ್ರೆಯ ನಗಾರಿಯ ಪಕ್ಕದಲ್ಲಿ ನಿಂತಾಗ ಗೆಳೆಯನ ಪಿಸುಮಾತು ಕೇಳಿಸದು. ಅದೇ ರೀತಿ ಗಟ್ಟಿಯಾದ ಸ್ವರವೊಂದು ತನ್ನ ನೆರೆಯ ಕಂಪನಸಂಖ್ಯೆಯ ಮೆಲುದನಿಗಳನ್ನು ಮರೆಮಾಡುವುದು. ಎಂಪಿ3 ವಿಧಾನವು ಈ ಮರೆಯನ್ನು ಲೆಕ್ಕಹಾಕಿ, ಮರೆಯಾದದ್ದಕ್ಕೆ ಬಿಟ್ಟುಗಳನ್ನು ವ್ಯಯಮಾಡದೆ ಉಳಿಸುವುದು. ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯಲ್ಲಿ ಇದಕ್ಕಾಗಿ ದುಡಿದವರಲ್ಲಿ ಕಾರ್ಲ್‌ಹೈಂಜ್ ಬ್ರಾಂಡೆನ್‌ಬರ್ಗ್ ಪ್ರಮುಖರು. ವಾದ್ಯವಿಲ್ಲದೆ ಹೆಣ್ಣುದನಿಯೊಂದೇ ಇದ್ದ, ಸುಝಾನ್ ವೇಗಾ ಅವರ ಒಂದು ಹಾಡನ್ನು ಅವರು ಒರೆಗಲ್ಲಾಗಿ ಬಳಸಿದರು. ಮರೆಮಾಡಲು ಬೇರೆ ನಾದವೇ ಇಲ್ಲದಲ್ಲಿ ದೋಷವು ಬೇಗನೆ ಹೊರಬೀಳುವುದಲ್ಲವೆ?

ನಮ್ಮ ಸಂಗೀತದಲ್ಲಿಯೂ ಇಂಥ ಒರೆಗಲ್ಲುಗಳುಂಟು. 1920ರಲ್ಲಿ ಸಿ. ವಿ. ರಾಮನ್ ಅವರು, ಸಾಮಾನ್ಯ ಚರ್ಮವಾದ್ಯಗಳಲ್ಲಿ ಇಲ್ಲದ ಸುಸಂಗತ ಮೇಲ್ಸ್ವರಗಳು ಮೃದಂಗದಂಥ ವಾದ್ಯಗಳಲ್ಲಿ ಉಂಟೆಂದೂ, ನಡುವಿನ ಕಪ್ಪು ಕರಣೆಯೇ ಅದಕ್ಕೆ ಕಾರಣವೆಂದೂ ತೋರಿಸಿದರು. ಮರುವರ್ಷ ತಂಬೂರಿಯ ಅಗಲವಾದ ಕುದುರೆಯಿಂದ ಮೇಲ್ಸ್ವರಗಳು ಸಮೃದ್ಧವಾಗುವ ಬಗೆಯನ್ನು ವಿವರಿಸಿದರು. ಸಂಪೀಡನಕ್ಕೆ ಇವೆರಡೂ ಕಠಿನ ಪರೀಕ್ಷೆಗಳೇ ಸರಿ. ಎಂಪಿ3 ವಿಧಾನವು ನಾದವನ್ನು ಸುಮಾರು 26 ಮಿಲಿಸೆಕೆಂಡಿನ ತುಣುಕುಗಳಾಗಿ ಸಂಸ್ಕರಿಸುವುದು. ತುಣುಕಿನ ಕೊನೆಯಲ್ಲಿ ಮೃದಂಗದ ಚುರುಕಾದ ಹೊಡೆತ ಬಿದ್ದರೆ, ಲೆಕ್ಕದ ದೋಷವು ತುಣುಕಿನ ಆದಿಯವರೆಗೂ ಹರಡಿ, ಹೊಡೆತಕ್ಕೆ ಮುಂಚೆಯೇ ಒಂದು ಸಣ್ಣ ಗರಗರ ಸದ್ದು ಕೇಳಿಸಬಹುದು. ಒಳ್ಳೆಯ ಸಂಪೀಡಕಗಳು ಅಂಥ ಕಡೆ ತುಣುಕನ್ನು ಇನ್ನೂ ಚಿಕ್ಕದಾಗಿಸಿ ಈ ದೋಷವನ್ನು ತಗ್ಗಿಸುವುವು. ಬಿಟ್ಟುಗಳು ತೀರ ಕಡಮೆಯಾದಾಗ ಮಾತ್ರ ತಂಬೂರಿಯ ಝೇಂಕಾರವು ನೀರಿನಲ್ಲಿ ಅದ್ದಿದಂತೆ ಕಲಕಿ ಕೇಳುವುದು.

ಸೇವೆಗಳ ಅಂಕಿಗಳು

ಇನ್ನು ಭಾರತದಲ್ಲಿ ದೊರೆಯುವ ಕೆಲವು ಸೇವೆಗಳನ್ನು ನೋಡೋಣ. 2008ರಲ್ಲಿ ಯೂರೋಪಿನಲ್ಲಿ ಪ್ರಾರಂಭವಾಗಿ 2019ರ ಫೆಬ್ರವರಿಯಲ್ಲಿ ಇಲ್ಲಿಗೆ ಬಂದ ಸ್ಪಾಟಿಫೈ, ಸೆಕೆಂಡಿಗೆ 24, 96, 160 ಮತ್ತು 320 ಕಿಲೋಬಿಟ್ಟುಗಳ ಮೆಟ್ಟಲುಗಳನ್ನು ಇಟ್ಟಿರುವುದು. ಕೊನೆಯದು ಚಂದಾದಾರರಿಗೆ ಮೀಸಲು. 2025ರ ಸೆಪ್ಟೆಂಬರಿನಿಂದ ಹಲವು ದೇಶಗಳಲ್ಲಿ ನಷ್ಟರಹಿತ ನಾದವನ್ನೂ ಕೊಡತೊಡಗಿತು. 2015ರಲ್ಲಿ ಬಂದ ಆ್ಯಪಲ್ ಮ್ಯೂಸಿಕ್ ಎಎಸಿ ಎಂಬ ವಿಧಾನದಲ್ಲಿ 256 ಕಿಲೋಬಿಟ್ಟುಗಳನ್ನು ಕಳುಹಿಸುವುದು; 2021ರ ಜೂನಿನಿಂದ ಹೆಚ್ಚಿನ ಶುಲ್ಕವಿಲ್ಲದೆ ನಷ್ಟರಹಿತವಾದುದನ್ನೂ ಸೇರಿಸಿತು. ಯೂಟ್ಯೂಬ್ ಮ್ಯೂಸಿಕ್‌ನ ಮೇಲಿನ ಎಲ್ಲೆ 256. ಜಿಯೋಸಾವನ್ ಚಂದಾದಾರರಿಗೆ 320.

ಇಲ್ಲಿ ವಾಚಕರು ಎರಡು ಸಂಗತಿಗಳನ್ನು ಗಮನಿಸಬೇಕು. ಮೊದಲನೆಯದಾಗಿ, ಬೇರೆ ಬೇರೆ ಸಂಪೀಡನ ವಿಧಾನಗಳ ಅಂಕಿಗಳನ್ನು ನೇರವಾಗಿ ಹೋಲಿಸಲಾಗದು. ಎಎಸಿಯು ಎಂಪಿ3ಕ್ಕಿಂತ ಮುಂದೆ ಹುಟ್ಟಿದ, ಹೆಚ್ಚು ದಕ್ಷವಾದ ವಿಧಾನ. ಅದರ 256 ಎಂಪಿ3ದ 320ಕ್ಕೆ ಕೀಳೆಂದು ಅಂಕಿಯೊಂದರಿಂದಲೇ ಹೇಳುವಂತಿಲ್ಲ. ಎರಡನೆಯದಾಗಿ, ಅಂಕಿ ಏರಿದಂತೆ ಡೇಟಾದ ವೆಚ್ಚವೂ ಏರುವುದು. 96 ಕಿಲೋಬಿಟ್ಟಿನಲ್ಲಿ ಗಂಟೆಗೆ ಸುಮಾರು 43 ಮೆಗಾಬೈಟ್, 320ರಲ್ಲಿ 144. ಸೆಕೆಂಡಿಗೆ 1,92,000 ಅಳತೆ ಮತ್ತು 24 ಬಿಟ್ಟಿನ ಧ್ವನಿಗಾದರೋ, ಕುಗ್ಗಿಸುವುದಕ್ಕೆ ಮುಂಚೆ ಗಂಟೆಗೆ 4,000 ಮೆಗಾಬೈಟಿಗೂ ಮಿಕ್ಕುವುದು. ದಿನಕ್ಕೆ 1.5 ಗಿಗಾಬೈಟ್ ಮಾತ್ರ ಇರುವ ವಿದ್ಯಾರ್ಥಿಯು ಇದನ್ನು ಲೆಕ್ಕಹಾಕಿಯೇ ಮುಂದುವರಿಯಬೇಕು.

ಕೆರೆಯೂ ತೂಬೂ

ಕೆರೆ ತುಂಬಿದ್ದರೂ ಗದ್ದೆಗೆ ಬರುವುದು ತೂಬು ಬಿಟ್ಟಷ್ಟೇ ನೀರು. ಸಾಧಾರಣ ಬ್ಲೂಟೂತ್ ಇಯರ್‌ಫೋನು ಇಂಥದೊಂದು ತೂಬು. ಅದರ ಮೂಲ ವಿಧಾನವಾದ ಎಸ್‌ಬಿಸಿ ಸಾಮಾನ್ಯವಾಗಿ ಸೆಕೆಂಡಿಗೆ 328 ಕಿಲೋಬಿಟ್ಟುಗಳವರೆಗೆ ಒಯ್ಯುವುದು. ಸೋನಿ ಸಂಸ್ಥೆಯ ಎಲ್‌ಡಿಎಸಿ 990ರವರೆಗೆ ಹೋದರೂ ಅದೂ ನಷ್ಟಸಹಿತವೇ. ಲಾಸ್‌ಲೆಸ್ ಆಗಿ ಫೋನಿಗೆ ಬಂದ ನಾದವು ಅಲ್ಲಿ ಬಿಚ್ಚಲ್ಪಟ್ಟು, ಮತ್ತೊಮ್ಮೆ ಕುಗ್ಗಿಸಲ್ಪಟ್ಟು ಕಿವಿಗೆ ಹೋಗುವುದು. ಹೀಗಿರುವಲ್ಲಿ ಲಾಸ್‌ಲೆಸ್ ಎಂದು ಹಣ ತೆತ್ತು ಸಾಧಾರಣ ಬ್ಲೂಟೂತಿನಲ್ಲಿ ಕೇಳುವವನು, ಕೊಂಡದ್ದನ್ನು ಹೊಸ್ತಿಲಲ್ಲಿಯೇ ಬಿಟ್ಟು ಒಳಗೆ ಬಂದಂತಾಗುವುದು.

ಕೆರೆಗೇ ನೀರು ಬಾರದಿದ್ದರೆ ತೂಬೇನು ಮಾಡೀತು? ಹಳೆಯ ಗ್ರಾಮಫೋನ್ ತಟ್ಟೆಗಳಿಂದ ಇಳಿಸಿಕೊಂಡ ಹಾಡುಗಳಲ್ಲಿ ಮೇಲಿನ ಕಂಪನಸಂಖ್ಯೆಗಳು ಮೊದಲೇ ಕ್ಷೀಣ, ಜೊತೆಗೆ ಮುಳ್ಳಿನ ಸರಸರ ಸದ್ದು. ಅಂಥದನ್ನು ಲಾಸ್‌ಲೆಸ್ ಆಗಿ ಕಳುಹಿಸಿದರೆ ಸರಸರವೂ ನಷ್ಟರಹಿತವಾಗಿ ಬರುವುದಷ್ಟೆ. ಅದೇ ತಟ್ಟೆಯನ್ನು ಒಬ್ಬರು ಶ್ರದ್ಧೆಯಿಂದಲೂ ಮತ್ತೊಬ್ಬರು ಅಶ್ರದ್ಧೆಯಿಂದಲೂ ಇಳಿಸಿಕೊಂಡಿದ್ದರೆ, ಆ ವ್ಯತ್ಯಾಸವು 256 ಮತ್ತು 320ರ ನಡುವಣ ವ್ಯತ್ಯಾಸಕ್ಕಿಂತ ಬಹಳ ದೊಡ್ಡದು.

ಮುರಿದ ತೀರ್ಪು

ಈಗ ನಮ್ಮ ತೀರ್ಪಿನ ಸಂಗತಿ. ಎರಡು ಫೋನುಗಳಲ್ಲಿ ಕೇಳಿದ್ದೇ ಮೊದಲ ತಪ್ಪೆಂದು ನಮಗೆ ಆಮೇಲೆ ಹೊಳೆಯಿತು. ಫೋನಿಗೂ ಫೋನಿಗೂ ಭೇದವುಂಟು. ಆದಕಾರಣ ಒಂದೇ ಫೋನಿನಲ್ಲಿ ಎರಡು ಸೇವೆಗಳನ್ನೂ ಇರಿಸಿ, ತಂತಿಯುಳ್ಳ ಒಂದೇ ಇಯರ್‌ಫೋನ್ ಹಾಕಿಕೊಂಡು, ಫೋನಿಗೆ ಬೆನ್ನು ಮಾಡಿ ಕುಳಿತೆವು. ಪ್ರತಿ ಸಲವೂ ನಾಣ್ಯ ಚಿಮ್ಮಿ, ಅದು ಬಿದ್ದಂತೆ ಒಂದನೆಯದನ್ನೋ ಎರಡನೆಯದನ್ನೋ ವಿದ್ಯಾರ್ಥಿಗಳು ನುಡಿಸಿದರು. 16 ಸಲದಲ್ಲಿ 14 ಸಲ ನಾವು ಸರಿಯಾಗಿ ಗುರುತಿಸಿದೆವು. ಬರಿಯ ಊಹೆಯಿಂದ 14 ಅಥವಾ ಹೆಚ್ಚು ಸರಿಯಾಗುವ ಸಂಭವ ಸಾವಿರಕ್ಕೆ ಸುಮಾರು ಎರಡು. ತೀರ್ಪು ಗಟ್ಟಿಯಾಯಿತೆಂದು ಹಿಗ್ಗಿದೆವು.

ಆಗ ಮೊದಲನೆಯ ವಿದ್ಯಾರ್ಥಿಯು, "ಸಾರ್, ಎರಡನೆಯದು ಸ್ವಲ್ಪ ಗಟ್ಟಿಯಾಗಿ ನುಡಿಯುತ್ತಿಲ್ಲವೆ?" ಎಂದನು. ಪ್ರಯೋಗಶಾಲೆಯ ಆಸಿಲೋಸ್ಕೋಪಿಗೆ ತಂತಿ ಜೋಡಿಸಿ ನೋಡಿದೆವು. ಎರಡನೆಯದರ ಅಲೆಯ ಎತ್ತರ ಸುಮಾರು ಕಾಲುಭಾಗ ಹೆಚ್ಚು, ಅಂದರೆ ಹೆಚ್ಚು ಕಡಮೆ 2 ಡೆಸಿಬಲ್. ಎಲ್ಲ ಹಾಡುಗಳ ಗಟ್ಟಿತನವನ್ನು ಸಮಗೊಳಿಸುವ ವ್ಯವಸ್ಥೆಯು ಒಂದರಲ್ಲಿ ನಡೆಯುತ್ತಿತ್ತು, ಇನ್ನೊಂದರಲ್ಲಿ ನಿಂತಿತ್ತು. ಇಷ್ಟು ಅಲ್ಪವಾದ ಭೇದವನ್ನು ಕಿವಿಯು "ಗಟ್ಟಿ" ಎಂದು ಅರಿಯದು. "ಸ್ಪಷ್ಟ", "ತುಂಬಿದ ನಾದ" ಎಂದು ಮೆಚ್ಚಿಬಿಡುವುದು. ಎರಡರಲ್ಲಿಯೂ ಆ ವ್ಯವಸ್ಥೆಯನ್ನು ನಿಲ್ಲಿಸಿ, ಅಲೆಯ ಎತ್ತರ ಸಮವಾಯಿತೆಂದು ನೋಡಿಕೊಂಡು, ಮತ್ತೆ 16 ಸಲ ಕೇಳಿದೆವು. ಈ ಸಲ ಸರಿಯಾದದ್ದು 9. ನಾಣ್ಯ ಚಿಮ್ಮಿ ಉತ್ತರ ಹೇಳಿದರೂ 9 ಅಥವಾ ಹೆಚ್ಚು ಬರುವ ಸಂಭವ ನೂರಕ್ಕೆ ಸುಮಾರು 40.

ಇದರಲ್ಲಿ ಪಾಠವೊಂದುಂಟು. ಮೊದಲ ಸಲದ ಅಂಕಿ ಸುಳ್ಳಲ್ಲ. ಭೇದವಿದೆಯೆಂದು ಅದು ನಿಜವನ್ನೇ ಹೇಳಿತು. ಆದರೆ ಯಾವುದರ ಭೇದವೆಂದು ಅದು ಹೇಳಲಿಲ್ಲ; ಅದನ್ನು ನಾವೇ ಕಲ್ಪಿಸಿಕೊಂಡೆವು. 320 ಕಿಲೋಬಿಟ್ಟಿಗೂ ಲಾಸ್‌ಲೆಸ್‌ಗೂ ಇರುವ ಭೇದ ಯಾರಿಗೂ ಕೇಳಿಸದೆಂದು ಇದರಿಂದ ಸಿದ್ಧವಾಗದು. ನಮ್ಮ ಕಿವಿಗೆ, ಆ ಇಯರ್‌ಫೋನಿನಲ್ಲಿ, ಆ ಕೃತಿಯಲ್ಲಿ ಗುರುತಿಸಲಾಗಲಿಲ್ಲವೆಂಬಷ್ಟೇ ನಿರ್ಣಯ. ಅತ್ಯಂತ ಕೆಳಗಿನ ಮೆಟ್ಟಲನ್ನು 320ರೊಡನೆ ಹೋಲಿಸಿದಾಗ ಮಾತ್ರ 16ಕ್ಕೆ 16 ಗುರುತಿಸಿದೆವು. ತಂಬೂರಿಯೇ ಗುಟ್ಟನ್ನು ಬಿಟ್ಟುಕೊಟ್ಟಿತು. ವಾಚಕರು ತಾವೇ ಈ ಪರೀಕ್ಷೆ ಮಾಡಿ ನೋಡಬಹುದು. 16ರಲ್ಲಿ 12 ಅಥವಾ ಹೆಚ್ಚು ಸರಿಯಾದರೆ ಊಹೆಯಿಂದ ಹಾಗಾಗುವ ಸಂಭವ ನೂರಕ್ಕೆ ನಾಲ್ಕಕ್ಕಿಂತ ಕಡಮೆ.

ಹುಡುಕಿದರೆ ಸಿಗಬೇಕು

ನಾದವು ಎಷ್ಟು ಶುದ್ಧವಾಗಿದ್ದರೇನು, ಬೇಕಾದ ಹಾಡು ಸಿಗದಿದ್ದರೆ? ಈ ಸೇವೆಗಳಲ್ಲಿ ಹಾಡು, ಹಾಡಿದವರು, ಆಲ್ಬಂ ಎಂಬ ಮೂರು ಅಂಕಣಗಳೇ ಮುಖ್ಯ. ನಮ್ಮ ಸಂಗೀತಕ್ಕಾದರೋ ರಾಗ, ತಾಳ, ವಾಗ್ಗೇಯಕಾರ ಎಂಬ ಅಂಕಣಗಳು ಬೇಕು. ಭಾವಗೀತೆಗೆ ಕವಿಯ ಹೆಸರು ಬೇಕು. ಚಂದಾ ಕೊಡುವುದಕ್ಕೆ ಮುಂಚೆ ತಮಗೆ ಪ್ರಿಯವಾದ ಹತ್ತು ಹಾಡುಗಳ ಪಟ್ಟಿಯೊಂದನ್ನು ಬರೆದುಕೊಂಡು, ಕನ್ನಡ ಲಿಪಿಯಲ್ಲೊಮ್ಮೆ, ರೋಮನ್ ಲಿಪಿಯಲ್ಲೊಮ್ಮೆ ಹುಡುಕಿರಿ. ಎಷ್ಟು ಸಿಕ್ಕಿದುವು, ಕೇಳಿದವರೇ ಹಾಡಿದ್ದು ಸಿಕ್ಕಿತೆ, ಕವಿಯ ಹೆಸರುಂಟೆ, ಒಂದು ತುಣುಕಿನಿಂದ ಇನ್ನೊಂದಕ್ಕೆ ಹೋಗುವಾಗ ರಾಗಂ-ತಾನಂ-ಪಲ್ಲವಿ ನಡುವೆ ಕಡಿಯುವುದೆ, ಇವನ್ನು ಗುರುತುಹಾಕಿರಿ. ಇಳಿಸಿಕೊಂಡ ಹಾಡುಗಳು ಚಂದಾ ನಿಂತೊಡನೆ ನುಡಿಯಲಾರವೆಂಬುದನ್ನೂ ನೆನಪಿಡಿರಿ; ಇದು ಬಾಡಿಗೆಯ ಮನೆ, ಸ್ವಂತದ್ದಲ್ಲ.

ಆದುದರಿಂದ ಆಯ್ಕೆಯ ಕ್ರಮ ಹೀಗಿರಲಿ. ಮೊದಲು, ಬೇಕಾದ ಸಂಗೀತವು ಆ ಸೇವೆಯಲ್ಲಿದೆಯೆ? ಎರಡನೆಯದು, ಒಳ್ಳೆಯ ಇಯರ್‌ಫೋನು. ಮೂರನೆಯದು, 256 ಅಥವಾ 320ರ ಮೆಟ್ಟಲು. ಲಾಸ್‌ಲೆಸ್ ಎಂಬುದು ಕಟ್ಟಕಡೆಗೆ, ಅದೂ ಕಣ್ಣು ಮುಚ್ಚಿದ ಪರೀಕ್ಷೆಯಲ್ಲಿ ಭೇದ ಕೇಳಿಸಿದವರಿಗೆ.

ಎಲ್ಲಕ್ಕಿಂತ ಬೆಲೆಯುಳ್ಳ ಉಪಕರಣವನ್ನು ಮರೆಯಬಾರದು. ಬಸ್ಸಿನ ಗದ್ದಲವನ್ನು ಮೀರಿಸಲು ಧ್ವನಿಯನ್ನು ಏರಿಸುವ ಅಭ್ಯಾಸ ಹಲವರಿಗುಂಟು. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಸೂಚಿಸಿದ ಮಿತಿ ವಯಸ್ಕರಿಗೆ ವಾರಕ್ಕೆ 40 ಗಂಟೆ, 80 ಡೆಸಿಬಲ್. 3 ಡೆಸಿಬಲ್ ಏರಿದರೆ ಅವಧಿಯು ಅರ್ಧಕ್ಕೆ ಇಳಿಯುವುದು. 86ರಲ್ಲಿ ವಾರಕ್ಕೆ 10 ಗಂಟೆ ಮಾತ್ರ. ಸೇವೆಯನ್ನು ಮುಂದಿನ ತಿಂಗಳು ಬದಲಿಸಬಹುದು, ಇಯರ್‌ಫೋನನ್ನು ಮತ್ತೆ ಕೊಳ್ಳಬಹುದು. ಕಿವಿಯಾದರೋ ಒಮ್ಮೆ ಕೆಟ್ಟರೆ ಯಾವ ಚಂದಾಕ್ಕೂ ಮರಳಿ ದೊರೆಯತಕ್ಕದ್ದಲ್ಲ.